ರಬ್ಬರ್ ಹಾಲಿನ ಭೀಮ

"ಇನ್ನೊಂದು ಚೂರು ಎಣ್ಣೆ ಬಿಡು ಮಾರಾಯ, ಸೊಂಟದ ಹತ್ರ ಹಿಡ್ಕೊಂಡಿದೆ," ಎನ್ನುತ್ತ ವಿಶ್ವನಾಥ್ ಎರಡೂ ಕೈಯಿಂದ ಜಗ್ಗುತ್ತಿದ್ದ. ಬಣ್ಣದ ಕೋಣೆಯ ಬಾಗಿಲು ತಳ್ಳಿಕೊಂಡು ಬಂದ ರಂಜನಾಳಿಗೆ ಮೊದಲು ಕಂಡದ್ದು ಆ ಕೈಗಳು, ಆಮೇಲೆ ಬೆನ್ನು. ಅದು ಅವಳೇ ಮಾಡಿದ ಬೆನ್ನು. ಎರಡು ತಿಂಗಳು ಫೋಮ್ ಕೊಯ್ದು, ಅಂಟಿಸಿ, ರಬ್ಬರ್ ಹಾಲು ಬಳಿದು ಮಾಡಿದ ಭೀಮನ ಮೈ. ಅದರೊಳಗೆ ಅರ್ಧ ತೂರಿ, ಕೈ ಮೇಲೆತ್ತಿಕೊಂಡು ನಿಂತಿದ್ದವನು ಯಶವಂತ. ನಾಟಕದಲ್ಲಿ ಯಶವಂತ ವಿರಾಟರಾಯ. ಭೀಮ ಅವಳು.

"ಬಿಡಿ ಅದನ್ನ," ಅಂದಳು.

ಯಾರೂ ಬಿಡಲಿಲ್ಲ. ಬಣ್ಣದ ಶೇಷಪ್ಪ ತೆಂಗಿನೆಣ್ಣೆಯ ಬಾಟಲಿ ಬಗ್ಗಿಸಿ ಯಶವಂತನ ಪಕ್ಕೆಗುಂಟ ಎಣ್ಣೆ ಇಳಿಬಿಡುತ್ತಲೇ ಇದ್ದ.

"ಎಣ್ಣೆ ಮುಟ್ಟಿಸಬಾರ್ದು ಅಂತ ಪೆಟ್ಟಿಗೆ ಮೇಲೆ ಬರೆದಿದ್ನಲ್ಲ ವಿಶ್ವಣ್ಣ. ಪೌಡರ್ ಮಾತ್ರ ಅಂತ."

"ಪೆಟ್ಟಿಗೆ ಮೇಲಿಂದು ಯಾರು ಓದ್ತಾರೆ ಮಾರಾಯ್ತಿ."

"ನಲವತ್ತು ವರ್ಷ ಆಯ್ತು ತಂಗಿ," ಶೇಷಪ್ಪನಿಗೆ ಬೇಸರವಾಗಿತ್ತು. "ಎಣ್ಣೆ ಹಚ್ಚದೆ ಒಂದು ವೇಷ ಕಟ್ಟಿದವನಲ್ಲ ನಾನು. ಎಣ್ಣೆ ಇಲ್ದಿದ್ರೆ ಬಣ್ಣ ಚರ್ಮಕ್ಕೆ ಕಚ್ಚಿಬಿಡ್ತದೆ."

"ಅದು ಚರ್ಮಕ್ಕೆ, ಶೇಷಪ್ಪಣ್ಣ. ಇದು ರಬ್ಬರು. ಎಣ್ಣೆ ಬಿದ್ರೆ ಕರಗ್ತದೆ."

ಕಳಸದ ಬಸ್ ಸ್ಟ್ಯಾಂಡಿನ ಹಿಂದೆ ರಂಜನಾಳದು ಜೀಪಿನ ಸೀಟು ಹೊಲಿಯುವ ಅಂಗಡಿ. ಸವೆದ ಸೀಟು ಕಿತ್ತು ಹೊಸ ಫೋಮ್ ತುಂಬುವುದು, ರೆಕ್ಸಿನ್ ಹೊದಿಸುವುದು ಅವಳ ಕಸುಬು. ಭೀಮನ ಪಾತ್ರ ಅವಳಿಗೆ ಸಿಕ್ಕಿದ ದಿನವೇ ಅಂಗಡಿಯ ತುಂಡು ಫೋಮನ್ನೆಲ್ಲ ರಾಶಿ ಹಾಕಿಕೊಂಡು ಕೂತಿದ್ದಳು. ಮೊದಲು ಮಾಡಿದ ಎದೆ ಎರಡು ಕುಶನ್ ಹೊತ್ತುಕೊಂಡ ಹಾಗಿತ್ತು. ಕಿತ್ತೆಸೆದಳು. ಕಾಳುಮೆಣಸಿನ ಮಂಡಿಯ ಎದುರು ನಿಂತು, ಮೂಟೆ ಹೊರುವ ನಿಂಗಯ್ಯನ ಬೆನ್ನನ್ನು ಒಂದು ವಾರ ನೋಡಿದಳು. ಮೂಟೆ ಎತ್ತುವಾಗ ಭುಜದ ಕೆಳಗೆ ಏನೋ ಒಂದು ಎದ್ದು, ಬೆನ್ನಿನ ನಡುವಿಗೆ ಹೋಗಿ ಮಾಯವಾಗುತ್ತದೆ. "ನಂಗೇನಾದ್ರೂ ಹೆಣ್ಣು ನೋಡಿದ್ದೀಯಾ ಹೇಗೆ, ಹೀಗೆ ನೋಡ್ತೀಯಲ್ಲ," ಅಂದಿದ್ದ ನಿಂಗಯ್ಯ. ಅವಳು ಅಂಗಡಿಗೆ ಓಡಿಹೋಗಿ ಆ ಏರಿಳಿತವನ್ನೇ ಫೋಮಿನಲ್ಲಿ ಕೊಯ್ದಳು. ರಬ್ಬರ್ ಹಾಲು ಘಟ್ಟದ ಕೆಳಗಿನ ತೋಟದಿಂದ ಕ್ಯಾನಿನಲ್ಲಿ ಬರುತ್ತಿತ್ತು. ಕೆಡದಿರಲೆಂದು ಹಾಕಿದ ಅಮೋನಿಯದ ವಾಸನೆಗೆ ಬಸ್ಸಿನ ಕಂಡಕ್ಟರ್ ಒಮ್ಮೆ ಅರ್ಧದಾರಿಯ ಕೊಟ್ಟಿಗೆಹಾರದಲ್ಲೇ ಕ್ಯಾನು ಇಳಿಸಿ ಹೋಗಿದ್ದ. ಸ್ಪಂಜಿನಲ್ಲಿ ಒಂದು ಪದರ ಬಳಿದರೆ ಕಳಸದ ಥಂಡಿಗೆ ಆರಲು ಇಡೀ ದಿನ. ಹಾಗೆ ಒಂಬತ್ತು ಪದರ. ಅಳತೆ ಅವಳ ಮೈಯದು. ಅವಳ ಸೊಂಟ, ಅವಳ ಕಂಕುಳು, ಅವಳ ಕತ್ತು. ಅದನ್ನು ಹಾಕಿಕೊಂಡು, ಕೀಚಕನನ್ನು ಕೊಂದ ಭೀಮ ಮತ್ತೆ ಅಡುಗೆಮನೆಗೆ ಬಂದು ಸೌದೆ ಒಡೆಯುವ ದೃಶ್ಯವನ್ನು ಅಂಗಡಿಯ ಷಟರ್ ಎಳೆದುಕೊಂಡು ಎಷ್ಟು ಸಲ ಮಾಡಿದ್ದಳೋ. ಇವತ್ತು ಚಿಕ್ಕಮಗಳೂರಿನ ನಾಟಕ ಸ್ಪರ್ಧೆಯಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ, ಅದನ್ನು ಮಾಡಬೇಕಿತ್ತು.

"ಇವನ್ಯಾಕೆ ಅದರೊಳಗಿದ್ದಾನೆ?" ಕೇಳಿದಳು.

ವಿಶ್ವನಾಥ್ ಕಳಸದಲ್ಲಿ ಹಾರ್ಡ್‌ವೇರ್ ಅಂಗಡಿಯವನು, ಕಲಾ ಸಂಘದ ಅಧ್ಯಕ್ಷ, ನಾಟಕದ ನಿರ್ದೇಶಕ. ಕೈ ಒರೆಸಿಕೊಂಡು, ಗಿರಾಕಿಗೆ ಮೊಳೆಯ ಸೈಜು ವಿವರಿಸುವ ದನಿಯಲ್ಲಿ ಹೇಳಿದ: "ನಿನ್ನೆ ಕಮಿಟೀಲಿ ತೀರ್ಮಾನ ಆಯ್ತು. ಮೀಸೆ ಕೆಳಗಿಂದ ಹೆಣ್ಣು ದನಿ ಬಂದ್ರೆ ತೀರ್ಪುಗಾರರು ನಗ್ತಾರೆ. ಭೀಮನ್ನ ಯಶವಂತ ಮಾಡ್ತಾನೆ, ವಿರಾಟರಾಯನ್ನ ನಾನೇ ಮಾಡ್ತೀನಿ."

"ಬಣಕಲ್ಲಲ್ಲಿ ಇದೇ ನಾಟಕ ಆಡಿದಾಗ ನಾನೇ ಭೀಮ, ಯಾರೂ ನಗ್ಲಿಲ್ಲ."

"ಬಣಕಲ್ಲಲ್ಲಿ ಇದ್ದವರು ನಮ್ಮ ಜನ."

"ನಿನ್ನೆ ನಂಗೆ ಫೋನ್ ಮಾಡಿದ್ರಿ. ಜೀಪಲ್ಲಿ ಜಾಗ ಇಲ್ಲ, ಉಡುಪು ಕೊಟ್ಟುಬಿಡು, ನೀನು ಬಸ್ಸಲ್ಲಿ ಆರಾಮಾಗಿ ಬಾ ಅಂದ್ರಿ. ಬಸ್ಸಿನ ಟೈಮೂ ಹೇಳಿದ್ರಿ. ಇದನ್ನ ಹೇಳೋಕೆ ಬಾಯಿ ಬರ್ಲಿಲ್ವಾ?"

"ಹೇಳಿದ್ರೆ ನೀನು ಉಡುಪು ಕೊಡ್ತಿದ್ಯಾ?"

ಕನ್ನಡಿಯ ಮುಂದೆ ಅರ್ಧ ಜಡೆ ಬಿಚ್ಚಿ ಕೂತಿದ್ದ ವಸಂತಮ್ಮ, ದ್ರೌಪದಿಯ ಪಾತ್ರದವಳು, ತಿರುಗದೆ ಅಂದಳು: "ಅದೊಂದು ಮಾತು ನಿಜ ಹೇಳಿದ್ರಿ ನೋಡಿ."

ರಂಜನಾಳ ಬಾಯಿಗೆ ಬಂದ ಬೈಗುಳವೆಲ್ಲ ಸಣ್ಣದೆನಿಸಿತು. ಅಷ್ಟರಲ್ಲಿ ಯಶವಂತ ದಣಿದ ಕೈಗಳನ್ನು ಕೆಳಗಿಳಿಸಿದ. ಮತ್ತೆ ಎತ್ತಲು ಹೋದಾಗ ತೋಳು ಎದೆಗೆ ಅಂಟಿಕೊಂಡಿತ್ತು.

"ರಂಜನಕ್ಕ, ಇದೇನೋ ಆಗ್ತಿದೆ."

"ಅಲುಗಾಡಬೇಡ."

ಅವನು ಅಲುಗಾಡಿದ. ಕಂಕುಳಿನಿಂದ ಸೊಂಟದವರೆಗೆ ರಬ್ಬರು ಹಲಸಿನ ಸೊನೆಯ ಹಾಗೆ ನೂಲು ನೂಲಾಗಿ ಎದ್ದು ಬಂತು. ಅದರಡಿಯ ಹಳದಿ ಫೋಮು, ಜೀಪಿನ ಸೀಟಿನ ಫೋಮು, ಹೊರಗೆ ಇಣುಕಿತು. ಬಲಗಡೆಯ ಪಕ್ಕೆ ಪೂರಾ ಸುಕ್ಕುಗಟ್ಟಿ ಕೆಳಗೆ ಜಾರಿತು. ಶೇಷಪ್ಪ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದ.

ಅವಳೇ ಬಿಡಿಸಬೇಕಾಯಿತು. ಬೇರೆ ಯಾರಿಗೆ ಗೊತ್ತಿತ್ತು ಎಲ್ಲಿ ಹೊಲಿಗೆ, ಎಲ್ಲಿ ಅಂಟು ಅಂತ. ಪೌಡರ್ ಉದುರಿಸಿ, ಬೆರಳು ತೂರಿಸಿ, ಇಂಚಿಂಚಾಗಿ ಸುಲಿದಳು. ಎಣ್ಣೆಯಲ್ಲಿ ಹೊಳೆಯುತ್ತಿದ್ದ ಯಶವಂತ "ಸಾರಿ ಅಕ್ಕ, ನಂಗೆ ನೀನು ಒಪ್ಪಿದ್ದೀಯ ಅಂತ ಹೇಳಿದ್ರು" ಅಂದ. ಅವಳು ವಿಶ್ವನಾಥನ ಮುಖ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಹನ್ನೊಂದೂವರೆ. ಉಡುಪನ್ನು ಮೇಜಿನ ಮೇಲೆ ಹಾಸಿ, ಒಂದೊಂದೇ ಭಾಗ ಮುಟ್ಟಿ ನೋಡಿದಳು. ಬೆನ್ನು ಉಳಿದಿತ್ತು. ಎಡ ಎದೆ, ಎಡ ತೋಳು ಉಳಿದಿದ್ದವು.

ವಿಶ್ವನಾಥನೂ ಬಗ್ಗಿ ನೋಡಿದ. ಹಾಳಾದದ್ದನ್ನಲ್ಲ, ಉಳಿದದ್ದನ್ನು ಲೆಕ್ಕ ಹಾಕಿದ.

"ರಂಜನಾ, ಕೇಳು ಇಲ್ಲಿ. ಸಿಟ್ಟು ಆಮೇಲೆ ಮಾಡ್ಕೊ, ಊರಿನ ಮರ್ಯಾದೆ ಪ್ರಶ್ನೆ. ಇದು ನಿನ್ನ ಅಳತೇದೆ. ಎಣ್ಣೆ ಇಲ್ದೆ ನಿಂಗೆ ಕೂರ್ತದೆ. ಹರಿದ ಕಡೆ ಶಾಲು ಹೊದ್ಸೋಣ. ನೀನೇ ಹೋಗು ಸ್ಟೇಜಿಗೆ."

ಅವಳು ತಲೆ ಎತ್ತಿದಳು. ಒಂದು ಗಳಿಗೆ, ಒಂದೇ ಗಳಿಗೆ, ಕಾಲಿನಡಿ ಸ್ಟೇಜಿನ ಹಲಗೆಯ ನೆಲ ಬಂದ ಹಾಗಾಯಿತು.

"ಮಾತು ಯಶವಂತ ಹೇಳ್ತಾನೆ," ವಿಶ್ವನಾಥ್ ಮುಂದುವರಿಸಿದ. "ಪರದೆ ಹಿಂದೆ ಮೈಕ್ ಹಿಡ್ಕೊಂಡು. ನೀನು ಬಾಯಿ ಆಡಿಸಿದ್ರೆ ಸಾಕು. ಮೀಸೆ ದಪ್ಪ ಇದೆ, ಗೊತ್ತಾಗಲ್ಲ. ಬಹುಮಾನ ಬಂದ್ರೆ ಭೀಮ ಅಂತ ನಿನ್ನ ಹೆಸರೇ ಕೂಗಿಸ್ತೀನಿ. ಇನ್ನೇನು ಬೇಕು ಹೇಳು."

ವಸಂತಮ್ಮ ಈಗ ತಿರುಗಿ ಕೂತಿದ್ದಳು. ಹೊರಗೆ ಮೈಕಿನಲ್ಲಿ ಅವರ ಸಂಘದ ಹೆಸರು ಕೂಗಿ, ಸಿದ್ಧರಾಗಿ ಎಂದರು. ವಿಶ್ವನಾಥ್ ಮೇಜಿನಿಂದ ಉಡುಪನ್ನು ಎತ್ತಿ, ಅಂಗಿ ತೊಡಿಸುವವನ ಹಾಗೆ ಕುತ್ತಿಗೆಯ ಭಾಗವನ್ನು ಅಗಲಿಸಿ ಅವಳ ಮುಂದೆ ಹಿಡಿದ.

"ಬಾ, ತಲೆ ಹಾಕು. ಹೊತ್ತಾಯ್ತು."

"ಇಲ್ಲ ವಿಶ್ವಣ್ಣ," ಅಂದಳು ರಂಜನಾ. "ನಾನು ಹಾಕ್ಕೊಳ್ಳಲ್ಲ."