ಮಾಳಿಗೆ ಮೇಲಿನ ಬೈಲಹೊಂಗಲ ಸ್ಟೇಷನ್

ನಿಜಗುಣಪ್ಪನವರ ಮನೆಯಲ್ಲಿ ಊಟಕ್ಕೆ ಮೊದಲು ಯಾರಾದರೂ ರೈಲಿನ ಮಾತೆತ್ತಿದರೆ ಅವತ್ತಿನ ಊಟ ಕೆಟ್ಟಿತೆಂದೇ ಲೆಕ್ಕ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿಗೂ ರೈಲಿಲ್ಲ. ಅದನ್ನು ತರಿಸುವ ಹೋರಾಟ ಸಮಿತಿಗೆ ನಿಜಗುಣಪ್ಪನವರೇ ಅಧ್ಯಕ್ಷರು. ವಯಸ್ಸಿನಲ್ಲಿದ್ದಾಗ ಒಮ್ಮೆ ಧರಣಿಯ ಪೆಂಡಾಲಿನಲ್ಲಿ ಕೊರಳಿಗೆ ಹಾರ ಬಿತ್ತು, ಕೈಗೆ ಮೈಕು ಬಂತು, ಎದುರಿಗೆ ಜನವೂ ಸೇರಿತ್ತು. ಇವು ಮೂರೂ ಕೂಡಿದಾಗ ಎಂಥ ಶಾಣ್ಯಾ ಮನುಷ್ಯನ ಬಾಯಿಯೂ ಅವನ ಹತೋಟಿಯಲ್ಲಿ ಇರುವುದಿಲ್ಲ. "ಬೈಲಹೊಂಗಲಕ್ಕ ರೈಲ್ ಬರೂತನಕಾ ಈ ನಿಜಗುಣಪ್ಪ ಯಾವ ರೈಲೂ ಹತ್ತಂಗಿಲ್ಲ!" ಎಂದು ಆಣೆ ಮಾಡಿಬಿಟ್ಟರು. ಜನ ಚಪ್ಪಾಳೆ ಹೊಡೆದರು. ಹೊಡೆದವರೆಲ್ಲ ಆಮೇಲೆ ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿ ಕಾಶಿಯನ್ನೂ ಮಾಡಿ ಬಂದರು. ಆಣೆ ಮಾತ್ರ ಇವರ ಕೊರಳಲ್ಲೇ ಉಳಿಯಿತು.

ಬಹಳ ಕಾಲ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಬಸ್ಸಿತ್ತು, ಹೋಗುತ್ತಿದ್ದರು. ಈಗ ಅವರ ನಡು ಕೈಕೊಟ್ಟಿದೆ. ದೂರದ ಊರಿಗೆ ಕುಳಿತು ಹೋಗುವುದು ಬೇಡ, ಹೋಗುವುದಾದರೆ ರೈಲಿನಲ್ಲಿ ಮಲಗಿಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದಾರೆ. ಸೊಲ್ಲಾಪುರದಲ್ಲಿ ಅವರ ಅಕ್ಕ ಬಾಯವ್ವ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾಳೆ. ಅವಳು ಬರುವಂತಿಲ್ಲ, ಇವರು ಹೋಗುವಂತಿಲ್ಲ. ಸೋಮವಾರ ಸೋಮವಾರ ಫೋನು ಮಾತ್ರ. ಮಗ ಮಹಾದೇವ ವಿಡಿಯೋ ಹಚ್ಚಿ ಕೊಟ್ಟರೆ ಬಾಯವ್ವ ಒಪ್ಪುವುದಿಲ್ಲ.

"ಫೋನಿನ್ಯಾಗಿನ ಮಾರಿ ಒಂದ ಮಾರಿ ಏನೋ ತಮ್ಮಾ? ಮುಟ್ಟಾಕ ಬರಂಗಿಲ್ಲ ಏನಿಲ್ಲ" ಎನ್ನುತ್ತಾಳೆ.

ಫೋನು ಇಟ್ಟ ಮೇಲೆ ನಿಜಗುಣಪ್ಪ ಅಳುವವರಲ್ಲ. ಎದುರಿಗೆ ಸಿಕ್ಕವರನ್ನು ಬೈಯುತ್ತಾರೆ. ಹೆಚ್ಚಾಗಿ ಸಿಗುವವನು ಮಹಾದೇವನೇ. ಬೈಗುಳ ತಿಂದದ್ದಕ್ಕಿಂತ, ಅಪ್ಪ ಯಾಕೆ ಬೈಯುತ್ತಾನೆಂಬುದು ಗೊತ್ತಿದ್ದದ್ದೇ ಅವನಿಗೆ ಹೆಚ್ಚು ಸಂಕಟ.

ಮಹಾದೇವನದು ಬಜಾರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೀಡಿಯಿಲ್ಲ, ಎಲೆಯಾಟವಿಲ್ಲ. ಇದ್ದ ಚಟ ಒಂದೇ, ಆಟಿಗೆ ರೈಲು. ಆಟಿಗೆ ಅಂದರೆ ಅವನಿಗೆ ಸಿಟ್ಟು ಬರುತ್ತದೆ; ಮಾಡೆಲ್ ಅನ್ನಬೇಕು. ಪುಣೆಯಿಂದ ಒಂದು ಉಗಿ ಎಂಜಿನ್ ತರಿಸಿದ್ದ. ಹೀರೇಕಾಯಿಯಷ್ಟು ಉದ್ದ, ಕರ್ರಗೆ ಮಿಂಚುವ ಮೈ, ಹೊಟ್ಟೆಯೊಳಗೆ ಎಲೆಕ್ಟ್ರಾನಿಕ್ ಚಿಪ್ ಮತ್ತು ಸ್ಪೀಕರು. ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಮೊದಲು ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಸದ್ದು, ಆಮೇಲೆ ಬುಸ್ಸೆಂದು ಉಗಿ, ಆಮೇಲೆ ಚಕ್ರ ತಿರುಗಿದ ಲಯಕ್ಕೇ ಚುಕ್ ಚುಕ್. ಸಿಳ್ಳನ್ನಂತೂ ನಿಜವಾದ ಹಳೇ ಎಂಜಿನ್ನಿನಿಂದಲೇ ರೆಕಾರ್ಡ್ ಮಾಡಿದ್ದಂತೆ.

ಪಾರ್ಸಲ್ ಬಂದ ದಿನ ಹೆಂಡತಿ ಶೈಲಜಾಗೆ "ವೈಂಡಿಂಗ್ ಮಶೀನಿನ ಸಾಮಾನು" ಎಂದು ಹೇಳಿ ಮಾಳಿಗೆ ಹತ್ತಿದ್ದ. ಸ್ವಲ್ಪ ಹೊತ್ತಿಗೆ ಮಾಳಿಗೆಯಿಂದ ಸಿಳ್ಳು ಕೇಳಿತು. ಶೈಲಜಾ ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ಮಶೀನಿನ ಸಾಮಾನು ಸಿಳ್ಳ ಹೊಡೀತೈತೇನ್ರಿ?"

ಮಹಾದೇವ ಕಿವಿಯವರೆಗೂ ಕೆಂಪಾದ. ಅವಳು ನಕ್ಕು, ಬಣ್ಣದ ಡಬ್ಬಿ ತಂದು, ಪ್ಲೈವುಡ್ಡಿನ ಹಲಗೆಯ ಮೇಲೆ ನೀಲಿಯಲ್ಲಿ ಮಲಪ್ರಭೆ ಹರಿಸಿದಳು. ಸೀಮೆಸುಣ್ಣದ ಡಬ್ಬಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಾಯಿತು. ಹಳದಿ ಬೋರ್ಡಿನ ಮೇಲೆ ಕರೀ ಅಕ್ಷರದಲ್ಲಿ ನಾಲ್ಕು ಸ್ಟೇಷನ್ನು ಎದ್ದವು: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ನಿಜಗುಣಪ್ಪ ಮಾತ್ರ ಮಾಳಿಗೆ ಕಡೆಗೆ ತಲೆ ಹಾಕಲಿಲ್ಲ.

ಒಂದು ಮುಂಜಾನೆ ತಾಯಿ ಸುಂದರವ್ವ ಮೇಲೆ ಬಂದಳು. ಕೈಗೆ ಇನ್ನೂ ರೊಟ್ಟಿ ಹಿಟ್ಟು ಮೆತ್ತಿತ್ತು. ಎಂಜಿನ್ ಎರಡು ಡಬ್ಬಿ ಎಳೆದುಕೊಂಡು ಮಲಪ್ರಭೆ ದಾಟಿ ಬಂದು ಸ್ಟೇಷನ್ನಿನಲ್ಲಿ ನಿಂತಿತು.

"ಮಾದೇವಾ, ಇದ್ಯಾವ ಊರೋ?"

"ಬೋರ್ಡ ನೋಡಬೇ. ಬೈಲಹೊಂಗಲ."

ಸುಂದರವ್ವ ಬೋರ್ಡು ನೋಡಿದಳು, ಎಂಜಿನ್ ನೋಡಿದಳು. ಸರಸರ ಕೆಳಗಿಳಿದಳು. ಮಹಾದೇವ ಹಿಂದೆಯೇ ಓಡಿದ. ಅವಳು ಚಹಾ ಕುಡಿಯುತ್ತಿದ್ದ ಗಂಡನ ಮುಂದೆ ನಿಂತಿದ್ದಳು.

"ಅವತ್ತ ಮೈಕಿನ್ಯಾಗ ರೈಲ್ ಬರೂತನಕಾ ಅಂದ್ರಿ ಹೌದಲ್ಲ? ಎಷ್ಟ ದೊಡ್ಡ ರೈಲ್ ಅಂತ ಏನರ ಹೇಳಿದ್ರೇನ್ರಿ?"

ನಿಜಗುಣಪ್ಪ ಚಹಾದ ಬಸಿಯನ್ನು ಕೆಳಗಿಟ್ಟರು. ಅಪ್ಪ ಈಗ ಸಿಡಿಯುತ್ತಾರೆ, ಆಗ ಸಿಡಿಯುತ್ತಾರೆ ಎಂದು ಮಹಾದೇವ ಕಾದ. ಅವರು ಸಿಡಿಯಲಿಲ್ಲ.

"ಹಂಗ ಸುಮ್ನ ಬಂದ್ರ ನಡಿಯಂಗಿಲ್ಲ" ಎಂದರು ಕೊನೆಗೆ. "ಸಮಿತಿ ಸಾಕ್ಷಿ ಬೇಕು. ನೀಲಪ್ಪನ್ನ ಕರೀರಿ. ಕಿತ್ತೂರಿನಿಂದ ತಂತಾನ ಬರಬೇಕು. ಎಂಜಿನ್ನಿಗೆ ಯಾರೂ ಕೈ ಹಚ್ಚಬಾರದು. ಕೈ ಹಚ್ಚಿ ದಬ್ಬಿದ್ರ ಅದು ರೈಲ್ ಅಲ್ಲ, ಆಟಿಗಿ."

ಮಹಾದೇವನಿಗೆ ಅಪ್ಪನನ್ನು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಹೋಗಲು ಮನಸ್ಸಿಲ್ಲದವನು ಇಷ್ಟೊಂದು ಷರತ್ತು ಹಾಕುವುದಿಲ್ಲ. ಆದರೆ ಅವನಿಗೆ ಇನ್ನೊಂದೂ ಗೊತ್ತಿತ್ತು: ಹಾಕಿದ ಷರತ್ತಿನಲ್ಲಿ ಕೂದಲೆಳೆ ತಪ್ಪಿದರೂ ಅಪ್ಪ ಮತ್ತೆ ಯಾವತ್ತೂ ಒಪ್ಪುವವನಲ್ಲ.

ರವಿವಾರ ನಿಜಗುಣಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಪಟಕಾ ಸುತ್ತಿ, ಹೆಗಲಿಗೆ ಬಿಳೀ ಟುವಾಲು ಹಾಕಿಕೊಂಡು, ಗೋಡೆ ಹಿಡಿದು ಮಾಳಿಗೆ ಹತ್ತಿದರು. ಸುಂದರವ್ವ, ಶೈಲಜಾ ಹಿಂದೆಯೇ ಹತ್ತಿದರು. ಅವತ್ತಿನ ಧರಣಿಗೆ ಮೈಕು ಕಟ್ಟಿದ್ದ ಹಳೇ ದೋಸ್ತ ನೀಲಪ್ಪನೂ ಬಂದ. ಬರುವಾಗ ಸವದತ್ತಿಯ ಯಲ್ಲಮ್ಮನ ಗುಡ್ಡದ ಭಂಡಾರದ, ಅಂದರೆ ಪೂಜೆಯ ಅರಿಸಿನದ, ಪೊಟ್ಟಣ ತಂದಿದ್ದ. ಊರಿಗೆ ಮೊದಲ ರೈಲು ಬರುವಾಗ ಬರಿಗೈಯಲ್ಲಿ ನಿಲ್ಲುವುದು ಹೇಗೆ?

ಮಹಾದೇವ ಗುಂಡಿ ಒತ್ತಿದ. ಸಲಿಕೆ ಸದ್ದಾಯಿತು, ಉಗಿ ಬುಸ್ಸೆಂದಿತು. ನೀಲಪ್ಪ "ಕಿತ್ತೂರ ಬಿಟ್ಟತ್ರೀ!" ಎಂದು ಕೂಗಿದ. ರೈಲು ಸಕ್ಕರೆ ಕಾರ್ಖಾನೆ ಹಿಂದೆ ಹಾಕಿತು, ಮಲಪ್ರಭೆ ದಾಟಿತು. ನಿಜಗುಣಪ್ಪನವರ ತುಟಿಗಳು ಅದರ ಜೊತೆಗೇ ಚುಕ್ ಚುಕ್ ಅನ್ನುತ್ತಿದ್ದವು. ಬೈಲಹೊಂಗಲದ ಬೋರ್ಡು ಎದುರಿಗೇ ಇತ್ತು. ನೀಲಪ್ಪನಿಗೆ ತಡೆಯಲಾಗಲಿಲ್ಲ.

"ಉಧೋ! ಉಧೋ!" ಎನ್ನುತ್ತ ಎರಡೂ ಕೈಯಿಂದ ಭಂಡಾರ ಎರಚಿದ.

ಹಲಗೆಯೆಲ್ಲ ಹಳದಿಯಾಯಿತು. ಎಂಜಿನ್ ಚುಕ್ ಅಂದಿತು, ಚು ಅಂದಿತು, ನಿಂತಿತು. ಸದ್ದೂ ಇಲ್ಲ. ಸ್ಟೇಷನ್ನು ಇನ್ನೊಂದು ಗೇಣು ದೂರ.

"ಕಾಕಾ, ಏನ ಮಾಡಿದ್ರಿ! ಹಳಿ ಮ್ಯಾಲಿಂದ್ಲೇ ಕರೆಂಟ್ ಹೋಗೂದು. ಪುಡಿ ಬಿದ್ರ ಕರೆಂಟ್ ತಟ್ಟಂಗಿಲ್ಲ" ಎನ್ನುತ್ತ ಮಹಾದೇವ ಎಂಜಿನ್ನಿಗೆ ಕೈ ಚಾಚಿದ.

"ಕೈ ಹಚ್ಚಬ್ಯಾಡ!" ಎಂದರು ನಿಜಗುಣಪ್ಪ.

ಮಹಾದೇವ ಕೈ ಹಿಂತೆಗೆದ. ನೀಲಪ್ಪ ಹಳದಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಶೈಲಜಾ ತುಟಿ ಕಚ್ಚಿದಳು. ನಿಜಗುಣಪ್ಪನವರ ಮುಖ ನೋಡಲಾಗದಷ್ಟು ಸಣ್ಣದಾಗಿತ್ತು.

"ಬಾಗಲತನಕಾ ಬಂದ ನಿಲ್ಲೂದ ನಮ್ಮ ರೈಲಿನ ಹಣೇಬರ ನೋಡ" ಎಂದು ಮೆಟ್ಟಿಲ ಕಡೆ ತಿರುಗಿದರು.

ಮಹಾದೇವನಿಗೆ ಸೋಮವಾರದ ಫೋನು ಕಣ್ಣ ಮುಂದೆ ಬಂತು. ಆದರೆ ನಿಜಗುಣಪ್ಪ ಮೆಟ್ಟಿಲು ಇಳಿಯಲಿಲ್ಲ. ಅಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು.

"ನೀಲಪ್ಪಾ, ನಾ ಎಂಜಿನ್ನಿಗೆ ಕೈ ಹಚ್ಚಬಾರದು ಅಂದೇನಿ. ಹಳಿಗೆ ಹಚ್ಚಬಾರದು ಅಂದೇನಿ ಏನು?"

"ಇಲ್ರೀ! ದೇವರಾಣಿ ಅಂದಿಲ್ರೀ!"

ಡಾಕ್ಟರು ಬಗ್ಗಬೇಡಿ ಎಂದಿದ್ದ ಆ ನಡುವನ್ನು ಒಂದು ಕೈಯಿಂದ ಹಿಡಿದುಕೊಂಡು ಅಧ್ಯಕ್ಷರು ಮಂಡಿಯೂರಿದರು. ಹೆಗಲ ಟುವಾಲು ತೆಗೆದು, ಮೊಮ್ಮಗುವಿನ ಮೂಗು ಒರೆಸುವಷ್ಟು ಹಗುರವಾಗಿ ಹಳಿ ಒರೆಸುತ್ತ ಬಂದರು. ಎಂಜಿನ್ನಿನ ಮುಂದೆ ಬಂದು ಉಫ್ ಎಂದು ಊದಿದರು. ಏಳಲು ಹೋಗಿ ಮೊಣಕೈ ಹಲಗೆಗೆ ಬಡಿಯಿತು. ಹಲಗೆ ಅಲುಗಿತು.

ಸಲಿಕೆ ಸದ್ದು ಕೇಳಿತು.

ಉಗಿ ಬುಸ್ಸೆಂದಿತು, ಚಕ್ರಗಳು ತಿರುಗಿದವು, ಹಳದಿ ಮೆತ್ತಿದ ಮೂತಿಯ ಎಂಜಿನ್ ಮದುವಣಗಿತ್ತಿಯ ಹಾಗೆ ನಿಧಾನ ನಡೆದು ಬೋರ್ಡಿನ ಕೆಳಗೆ ನಿಂತಿತು. ನೀಲಪ್ಪ ಚಪ್ಪಾಳೆ ಹೊಡೆದ. ಅವನ ಕೈಯಿಂದ ಮತ್ತೆ ಹಳದಿ ಧೂಳೆದ್ದಿತು. "ಕಾಕಾ, ದೂರ ಸರೀರಿ!" ಎಂದು ಶೈಲಜಾ ಕಿರುಚಿದಳು.

ನಿಜಗುಣಪ್ಪ ನೆಲದ ಮೇಲೆ ಕುಳಿತಲ್ಲೇ ಫೋನಿಗೆ ಕೈ ಚಾಚಿದರು. ರವಿವಾರವಾದರೂ ಸೊಲ್ಲಾಪುರಕ್ಕೆ ಹಚ್ಚಿಸಿದರು.

"ಅಕ್ಕಾ, ಬೈಲಹೊಂಗಲಕ್ಕ ರೈಲ್ ಬಂತು."

"ಮುದುಕಿಗೆ ಚಾಷ್ಟಿ ಮಾಡಬ್ಯಾಡೋ."

ಅವರು ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದು ಮಗನಿಗೆ ಕಣ್ಸನ್ನೆ ಮಾಡಿದರು. ಮಹಾದೇವ ಉದ್ದದ ಸಿಳ್ಳು ಹೊಡೆಸಿದ. ಮನೆ ತುಂಬ ಕೇಳಿತು.

"ಅಯ್ಯ ನನ್ನಪ್ಪಾ, ಖರೇನ ಬಂತಲ್ಲೋ! ಎಷ್ಟ ಡಬ್ಬಿ ಅದಾವೋ?"

"ಎರಡ ಅದಾವು. ಉಳಿದಿದ್ದ ಬಂದ ಹೇಳ್ತೇನಿ."

"ಬರ್ತಿ ಹಂಗಾರ?"

"ಬರ್ತೇನಿ ಅಕ್ಕಾ."

"ಬಾ. ನಿನ್ನ ಮಾರಿ ಮುಟ್ಟಿ ನೋಡಬೇಕು."

ನಿಜಗುಣಪ್ಪನವರಿಗೆ ಅಳು ಬಂದೇಬಿಟ್ಟಿತು. ಅದೇ ಟುವಾಲಿನಿಂದ ಕಣ್ಣು ಒರೆಸಿಕೊಂಡರು. ಹಣೆಯಿಂದ ಗಲ್ಲದವರೆಗೆ ಹಳದಿಯಾದರು. ಬೈಯಲು ಮಗ ಎದುರಿಗೇ ಇದ್ದ, ಆದರೆ ಅವತ್ತು ಬೈಯಲಿಲ್ಲ.

"ಮಾದೇವಾ, ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕ ರೈಲ್ ಎಷ್ಟ ಗಂಟೆಗೈತೋ?" ಎಂದು ಕೇಳಿದರು.

"ಮೊದಲ ಮಾರಿ ತೊಳಕೋರಿ" ಎಂದಳು ಸುಂದರವ್ವ. "ಅಕ್ಕಾರು ಮುಟ್ಟಬೇಕಲ್ಲ."