ಕೊಳದ ಅಂಚು

ಹಿತ್ತಲಿನ ಗುಂಡಿ ಅಗೆದದ್ದು ಅಪ್ಪ. ಅಲ್ಲೊಂದು ಕೊಳ ಮಾಡಿ, ಎರಡು ನೈದಿಲೆ ಬಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಅವನ ನಿವೃತ್ತಿಯ ಯೋಜನೆ. ಕೊಳ ಆಗುವ ಮೊದಲೇ ಪಾರ್ಶ್ವವಾಯು ಬಡಿಯಿತು. ಯೋಜನೆಯಲ್ಲಿ ಕುರ್ಚಿಯೊಂದೇ ನಿಜವಾಯಿತು. ಬಲಗೈ ಹೋಯಿತು, ಮಾತು ಹೋಯಿತು. ಎಡಗೈಗೆ ಒಂದು ಊರುಗೋಲು ಬಂತು.

ಉಳಿದ ಕೆಲಸಕ್ಕೆ ನಾನೂ ಅಣ್ಣನೂ ಇಳಿದೆವು. ಅಣ್ಣ ಯಾರ ದನಿಯನ್ನಾದರೂ ತೆಗೆಯಬಲ್ಲ. ಮೊದಲ ದಿನವೇ ಕೆಸರಲ್ಲಿ ಜಾರಿ ಬಿದ್ದು, ಥೇಟ್ ಅಪ್ಪನ ಗಂಟಲಲ್ಲಿ, "ಕೊಳ ಮಾಡು ಅಂದ್ರೆ ಕೊಳೆ ಮಾಡ್ಕೊಂಡ್ಯಲ್ಲೋ ಕತ್ತೆ" ಎಂದ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ನಕ್ಕದ್ದು ಅದೇ ಮೊದಲು. ಅಪ್ಪನ ತುಟಿಯ ಒಂದು ಬದಿಯೂ ತುಸು ಮೇಲೆ ಹೋಯಿತು.

ಅವತ್ತಿನಿಂದ ಅಪ್ಪ ಕೋಲು ಕುಟ್ಟಿದರೆ ಅಣ್ಣ ಮಾತಾಡುವುದು ರೂಢಿಯಾಯಿತು. ಬಿಸಿಲು ಜಾಸ್ತಿಯಾಯಿತು ಅನ್ನುತ್ತಿದ್ದ, ಆ ಮೂಲೆ ಇನ್ನೂ ಅಗೆಯಿರಿ ಅನ್ನುತ್ತಿದ್ದ. ಅಮ್ಮ ಬರಬರುತ್ತಾ ಕುರ್ಚಿಯ ಕಡೆ ನೋಡುವುದನ್ನೇ ಬಿಟ್ಟಳು. "ಬಂದೆ ರೀ, ಇರಿ" ಎಂದು ಅಣ್ಣನಿಗೇ ಉತ್ತರ ಕೊಡುತ್ತಿದ್ದಳು. ಕುರ್ಚಿಯಲ್ಲಿ ಕೂತವನು ಕೂತಲ್ಲೇ ಮನೆಯಿಂದ ಹೊರಗೆ ಹೋಗುತ್ತಿದ್ದ, ಯಾರೂ ತಡೆಯುತ್ತಿರಲಿಲ್ಲ. ನನಗದು ಕಾಣುತ್ತಿತ್ತು. ಆದರೂ ಮಣ್ಣಿನ ಬುಟ್ಟಿ ಹೊರುತ್ತಲೇ ಇದ್ದೆ.

ಭಾನುವಾರ ಗುಂಡಿಗೆ ದಪ್ಪನೆಯ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಅಪ್ಪನೇ ಹಿಂದೆ ತರಿಸಿಟ್ಟಿದ್ದ ಹಾಳೆ. ದಡದ ಸುತ್ತ ಮೊಳದಷ್ಟು ಹೆಚ್ಚಿಗೆ ಚಾಚಿತ್ತು. ಅದು ಅಣ್ಣನ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಕತ್ತರಿ ತಂದ.

ಅಪ್ಪ ಕೋಲು ಕುಟ್ಟಿದ.

"ಟೀ ಎಲ್ಲೇ?" ಎಂದ ಅಣ್ಣ, ಅಪ್ಪನಾಗಿ. ಅಮ್ಮ ಟೀ ತಂದು ಕುರ್ಚಿಯ ಪಕ್ಕ ಇಟ್ಟಳು. ಅಪ್ಪ ಲೋಟ ಮುಟ್ಟದೆ ಇನ್ನೂ ಜೋರಾಗಿ ಕುಟ್ಟಿದ.

"ಸಕ್ಕರೆ ಕಮ್ಮಿ."

ಅಮ್ಮ ಸಕ್ಕರೆಗೆ ಹೋದಳು. ಕತ್ತರಿ ಕೊಳಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿತು. ಕುಟ್ಟುವುದು ನಿಂತಿತು.

ಪೈಪಿನಲ್ಲಿ ನೀರು ಬಿಟ್ಟೆವು. ಮೊಣಕಾಲ ಮಟ್ಟಕ್ಕೆ ಬರುವಷ್ಟರಲ್ಲಿ ಹಾಳೆ ನೀರಿನ ಭಾರಕ್ಕೆ ತಗ್ಗುತಿಟ್ಟಿಗೆಲ್ಲ ಅಂಟಿಕೊಳ್ಳುತ್ತಾ ಕೆಳಗಿಳಿಯತೊಡಗಿತು. ಒಪ್ಪವಾಗಿ ಕತ್ತರಿಸಿದ ಅಂಚು ದಡ ಬಿಟ್ಟು ಒಳಗೆ ಜಾರಿತು, ಅದರ ಹಿಂದೆ ಹಸಿ ಮಣ್ಣು ಕಂಡಿತು. ಹೆಚ್ಚಿಗೆ ಬಿಟ್ಟಿದ್ದ ಮೊಳ ಇದಕ್ಕೇ. ನೀರು ತುಂಬಿ ಹಾಳೆ ಕೂತ ಮೇಲೆ ಕತ್ತರಿಸಬೇಕಿತ್ತು.

ನಾನು ನಲ್ಲಿ ನಿಲ್ಲಿಸಿದೆ. ಅಮ್ಮ ಅಭ್ಯಾಸಬಲದಿಂದ ಅಣ್ಣನ ಮುಖ ನೋಡಿದಳು. ಅಣ್ಣ ಬಾಯಿ ತೆರೆದ. ಅಪ್ಪನ ದನಿಯೂ ಬರಲಿಲ್ಲ, ಅವನದೂ ಬರಲಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಗ ಬೇಡ ಅಂದ್ರಾ?"

ಅಪ್ಪ ಒಮ್ಮೆ ಕುಟ್ಟಿದ.

"ಈಗೇನ್ ಮಾಡೋಣ ರೀ?"

ಕೋಲು ನಿಧಾನಕ್ಕೆ ಎದ್ದು, ನೀರು ನಿಂತಿದ್ದ ಮಟ್ಟದ ಕಡೆ ತಿರುಗಿ, ಅಲ್ಲೇ ಉಳಿಯಿತು. ಅಷ್ಟೇ ಆಳ ಸಾಕು ಎಂದಿರಬಹುದು. ದಡವನ್ನೇ ಅಲ್ಲಿಗೆ ಇಳಿಸಿ ಎಂದೂ ಇರಬಹುದು. ಅಣ್ಣ ಯಾವುದನ್ನೂ ಹೇಳಲಿಲ್ಲ. ಕತ್ತರಿ ಕೆಳಗಿಟ್ಟು, ಕೋಲಿನ ತುದಿ ಮುಂದೆ ಎಲ್ಲಿಗೆ ಹೋಗುತ್ತದೋ ಎಂದು ನೋಡುತ್ತಾ ಕೂತ. ಟೀ ಆರಿತ್ತು.