ಟವೆಲ್ ಬೀಳುವ ಜಾಗ

ಎಷ್ಟು ಜನ ನೋಡುತ್ತಿದ್ದಾರೆಂದು ತೋರಿಸುವ ಗ್ರಾಫಿನ ಗೆರೆ ಎಲ್ಲ ವಿಡಿಯೋದಲ್ಲೂ ಒಂದೇ ಕಡೆ ಮುರಿಯುತ್ತಿತ್ತು. ಮುಜಮ್ಮಿಲ್ ಲ್ಯಾಪ್‌ಟಾಪನ್ನು ಚಂದ್ರುವಿನ ಕಡೆ ತಿರುಗಿಸಿ ಆ ಜಾಗದ ಮೇಲೆ ಬೆರಳಿಟ್ಟ.

"ನೋಡಣ್ಣ. ತಲೆಗೆ ತಲೆ ಹೊಡಿಯೋ ಜೋರು ಡಿಚ್ಚೀನ ವಿಡಿಯೋ ಶುರುವಿಗೇ ತಂದು ಹಾಕ್ದೆ, ಜನ ನಿಂತ್ರು. ಥಂಬ್‌ನೇಲಲ್ಲಿ ರಕ್ತ ತೋರಿಸ್ದೆ, ಇನ್ನೂ ಬಂದ್ರು. ಆದ್ರೆ ಟವೆಲ್ ಬಿತ್ತು ಅಂದ್ರೆ ಎಲ್ಲ ಎದ್ದು ಹೋಗ್ತಾವ್ರೆ."

"ಟವೆಲ್ ಬಿದ್ಮೇಲೆ ಇನ್ನೇನೈತ್ಲಾ ನೋಡಕ್ಕೆ?"

"ಅದಕ್ಕೇ ಹೇಳ್ತಿರೋದು. ಬೀಳೋದು ಸ್ವಲ್ಪ ತಡ ಆಗ್ಬೇಕು."

ಇಬ್ಬರೂ ಸೇರಿ ತುಮಕೂರಿನಲ್ಲಿ ಟಗರು ಕಾಳಗದ ಚಾನೆಲ್ ನಡೆಸುತ್ತಿದ್ದರು. ಚಂದ್ರು ಮಾತಾಡುವವನು, ಮುಜಮ್ಮಿಲ್ ಕತ್ತರಿಸಿ ಜೋಡಿಸುವವನು. ಕಣದ ಕಟ್ಟಳೆ ಇಬ್ಬರಿಗೂ ಬಾಯಿಪಾಠ. ಟಗರು ಕತ್ತು ತಿರುಗಿಸಿತೆಂದರೆ ಸೋತಿತು. ಆಗ ಅದರ ಕಡೆಯವರು ಹೆಗಲ ಮೇಲಿನ ಟವೆಲ್ಲನ್ನು ಕಣಕ್ಕೆ ಎಸೆಯಬೇಕು, ಎದುರು ಕಡೆಯವರು ತಮ್ಮ ಟಗರನ್ನು ಹಿಡಿದುಕೊಳ್ಳಬೇಕು. ಎಸೆಯುವ ತನಕ ಯಾರೂ ಒಳಗೆ ಕೈ ಹಾಕುವಂತಿಲ್ಲ.

ಭಾನುವಾರ ಬೆಳಗ್ಗೆ ಊರಂಚಿನ ಸತ್ಯಮಂಗಲದ ಕಾರ್ಖಾನೆ ಶೆಡ್ಡುಗಳ ಹಿಂದಿನ ಬಯಲಿನಲ್ಲಿ ಹಗ್ಗ ಕಟ್ಟಿದ್ದರು. ಒಂದು ಕಡೆ ಕುಣಿಗಲ್ಲಿನ ಅಂಜನ್‌ಕುಮಾರನ ಬಿಳಿ ಟಗರು, ಇನ್ನೊಂದು ಕಡೆ ಗೂಳೂರಿನ ವನಜಮ್ಮನ ಭೈರ. ವನಜಮ್ಮ ಚಂದ್ರುವಿನ ಸೋದರತ್ತೆ.

"ಅತ್ತೆ, ಟವೆಲ್ ನಂಗ್ ಕೊಡು. ನೀನು ಕ್ಯಾಮೆರಾ ಮುಂದೆ ನಿಂತ್ಕೊ. ಹೆಂಗಸು ಸಾಕಿದ ಟಗರು ಅಂತ ಜನ ನಿನ್ ಮುಖಾನೇ ನೋಡ್ತಾರೆ."

"ಹಲ್ಲಿಲ್ದಿರೋ ಮುಖ, ನೋಡಿ ಏನ್ ಮಾಡ್ತಾರಪ್ಪ?" ಅವಳು ಟವೆಲ್ ತೆಗೆದಳು, ಆದರೆ ಕೈಯಿಂದ ಬಿಡಲಿಲ್ಲ. "ಭೈರ ಕತ್ತು ತಿರುಗಿಸ್ದ ಅಂದ್ರೆ ಎಸೆದ್‌ಬುಡ್ಬೇಕು ನೋಡು. ತಾಯಿ ಸತ್ತ ಮರಿ, ಬಾಟ್ಲಿ ಹಾಲು ಕುಡಿಸಿ ಸಾಕಿವ್ನಿ. ಗೆಲ್ಲದಿದ್ರೂ ಪರ್ವಾಗಿಲ್ಲ, ಜೀವ ಉಳಿಸ್ಕೊಂಡು ಮನೆಗೆ ಬರ್ಬೇಕು."

"ನಿನ್ ಮಗ ಅಂದ್ರೆ ನಂಗೆ ಭಾವಮೈದ ಆಗ್ಬೇಕು ಕಣತ್ತೆ. ನೋಡ್ಕೋತೀನಿ ಬುಡು."

ಅವಳು ನಕ್ಕು ಟವೆಲ್ ಕೊಟ್ಟಳು.

ಹಿಂದಕ್ಕೆ ಸರಿದು, ಕಾಲೂರಿ, ಎರಡೂ ಟಗರು ಒಟ್ಟಿಗೆ ನುಗ್ಗಿದವು. ತಲೆಗೆ ತಲೆ ಬಡಿದ ಸದ್ದು ಶೆಡ್ಡಿನ ತಗಡುಗಳಿಗೆ ತಾಕಿ ಮರಳಿತು. ಮತ್ತೆ ಸರಿದವು, ಮತ್ತೆ ಬಡಿದವು. ಭೈರನ ಕೊಂಬಿನ ಬುಡ ಸೀಳಿತು. ರಕ್ತ ಕಣ್ಣಿಗಿಳಿಯಿತು, ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಮಣ್ಣಿಗೆ. ಇನ್ನೊಂದು ಪೆಟ್ಟಿಗೆ ಅದರ ಮುಂಗಾಲುಗಳು ಕುಸಿದವು. ಹೇಗೋ ಎದ್ದು ನಿಂತು ಭೈರ ಕತ್ತು ತಿರುಗಿಸಿ ವನಜಮ್ಮ ನಿಂತಿದ್ದ ಕಡೆಗೆ ನೋಡಿತು.

"ಚಂದ್ರು, ಎಸಿ," ಎಂದಳು ವನಜಮ್ಮ.

ಚಂದ್ರುವಿನ ಕೈ ಟವೆಲ್ಲಿನ ಮೇಲಿತ್ತು. ಅವನು ಕ್ಯಾಮೆರಾದ ಕಡೆ ನೋಡಿದ. ಅದರ ಹಿಂದಿದ್ದ ಮುಜಮ್ಮಿಲ್ ಒಂದು ಬೆರಳೆತ್ತಿ ತೋರಿಸಿದ. ಇನ್ನೊಂದು ಡಿಚ್ಚಿ ಆಗಲಿ ಎಂಬಂತೆ.

"ಎಸಿಯೋ, ನಿನ್ ದಮ್ಮಯ್ಯ."

ಅವಳು ಹಗ್ಗದಡಿ ನುಸುಳಿದಳು. ಇಬ್ಬರು ಗಂಡಸರು ರಟ್ಟೆ ಹಿಡಿದು ಹೊರಗೆಳೆದರು. ಕಣ ನೋಡಿಕೊಳ್ಳುವ ಹಿರಿಯ ರಾಮಾಂಜಿನಯ್ಯ ಅಡ್ಡ ನಿಂತ. "ಟವೆಲ್ ಬಿದ್ದಿಲ್ಲ ಕಣಮ್ಮ. ಒಳಕ್ಕೆ ಬರಂಗಿಲ್ಲ."

ಬಿಳಿ ಟಗರು ಓಡಿ ಬಂದು ಭೈರನ ಪಕ್ಕೆಗೆ ಗುದ್ದಿತು. ಹಸಿ ಸೌದೆ ಮುರಿದಂತೆ ಎಲುಬು ಮುರಿಯಿತು. ಬಿದ್ದಲ್ಲಿಂದ ಭೈರ ತಲೆಯೆತ್ತಲು ನೋಡಿದಾಗ ಎರಡನೆಯ ಪೆಟ್ಟು ಕಿವಿಯ ಹಿಂದಕ್ಕೆ ಬಿತ್ತು. ಕಾಲುಗಳು ನೆಲ ಕೆರೆದು ಕೆರೆದು ನಿಶ್ಚಲವಾದವು. ಟವೆಲ್ ಬಂದು ಬಿದ್ದದ್ದು ಆಮೇಲೆ.

ಅಂಜನ್‌ಕುಮಾರ ತನ್ನ ಟಗರಿನ ಕತ್ತು ತಬ್ಬಿ ನಿಲ್ಲಿಸಿ ಚಂದ್ರುವಿನ ಕಡೆ ಉಗಿದ. "ಎಸಿಯೋಕೆ ಏನ್ ರೋಗ ಬಂದಿತ್ತಯ್ಯ ನಿಂಗೆ? ಗೆದ್ದೂ ಪಾಪ ಅಂಟ್ಸುದ್ಯಲ್ಲ ನಂಗೆ."

ರಟ್ಟೆ ಹಿಡಿದಿದ್ದವರು ಕೈ ಬಿಟ್ಟಿದ್ದರು. ವನಜಮ್ಮ ಹಗ್ಗ ಕಟ್ಟಿದ್ದ ಕಬ್ಬಿಣದ ಗೂಟವನ್ನು ಅಲ್ಲಾಡಿಸಿ ಕಿತ್ತಳು. ಚಂದ್ರು, "ಅತ್ತೆ, ಒಂದೇ ಒಂದು ಡಿಚ್ಚಿ ಅಂತ..." ಎನ್ನುವಷ್ಟರಲ್ಲಿ ಮೊದಲ ಏಟು ಮೊಣಕೈಗೆ ಬಿತ್ತು. ಕೈ ಹಿಮ್ಮುಖವಾಗಿ ನೇತಾಡಿತು. ಎರಡನೆಯದು ಮಂಡಿಗೆ. ಅವನು ಮಣ್ಣಿಗೆ ಬಿದ್ದ. ಸುತ್ತಲೂ ಫೋನುಗಳು ಮೇಲೆದ್ದವು. ಹೋಗುತ್ತಿದ್ದವರು ತಿರುಗಿ ಬಂದರು, ಹಿಂದಿದ್ದವರು ಮುಂದಿದ್ದವರ ಹೆಗಲ ಮೇಲೆ ಕೈಯಿಟ್ಟು ಇಣುಕಿದರು. ಯಾರೂ ಬಿಡಿಸಲಿಲ್ಲ.

ಮುಜಮ್ಮಿಲ್ ಕ್ಯಾಮೆರಾ ಬಿಟ್ಟು ಓಡಿಬಂದು, ಅವಳು ಮತ್ತೆ ಎತ್ತಿದ್ದ ಗೂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೇಡಮ್ಮ. ಸತ್ತೋಗ್ತಾನೆ."

ವನಜಮ್ಮ ಏದುಸಿರು ಬಿಡುತ್ತಾ ಅವನನ್ನು ನೋಡಿದಳು. ಅವಳ ದನಿ ಏರಲಿಲ್ಲ.

"ನೀನು ಬೆರಳೆತ್ತಿದ್ದು ಕಂಡೆ ಕಣಪ್ಪ. ಈಗ್ಲೂ ಎತ್ತು. ಇನ್ನೆಷ್ಟು ಅಂತ ಹೇಳು, ಅಷ್ಟೇ ಹೊಡಿತೀನಿ."

ಕೆಳಗೆ ಚಂದ್ರು ಅವನ ಪ್ಯಾಂಟನ್ನು ಜಗ್ಗುತ್ತಿದ್ದ. ಗೂಟದ ಮೇಲೆ ಮುಜಮ್ಮಿಲನ ಹಿಡಿತ ಸಡಿಲವಾಯಿತು.